ಘಟ್ಟದ ದಾರಿಯಲ್ಲಿ ಕ್ಯಾಂಪರ್ ವ್ಯಾನಿನ ವೈರಿಂಗ್‌ಗೆ ಬೆಂಕಿ ಹತ್ತಿದರೆ

ಸೀಟುಗಳನ್ನು ಕಿತ್ತು, ಮಂಚ ಹಾಕಿಸಿ, ಪುಟ್ಟ ಅಡುಗೆಕಟ್ಟೆಯನ್ನೂ ಮಾಡಿಸಿಕೊಂಡ ಟೆಂಪೊ ಟ್ರಾವೆಲರ್‌ಗಳು, ಈಕೊಗಳು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ದಾರಿಗಳಲ್ಲಿ ಈಗ ಆಗಾಗ ಎದುರಾಗುತ್ತವೆ. ಇಂಥ ವ್ಯಾನಿನಲ್ಲಿ ಮಲಗುವ ಜಾಗದ ಕೆಳಗೇ ಬ್ಯಾಟರಿ, ಅದರ ಪಕ್ಕದಲ್ಲೇ ಇನ್ವರ್ಟರ್, ಸ್ವಲ್ಪ ಆಚೆ ಗ್ಯಾಸ್ ಸಿಲಿಂಡರ್, ಸುತ್ತಲೂ ಪ್ಲೈವುಡ್, ಫೋಮ್, ಪರದೆ. ಮನೆಯಲ್ಲಿ ಸ್ವಿಚ್ ಬೋರ್ಡ್ ಹೊತ್ತಿಕೊಂಡರೆ ಪಕ್ಕದ ಕೋಣೆಗೆ ಓಡಬಹುದು. ವ್ಯಾನಿನಲ್ಲಿ ಪಕ್ಕದ ಕೋಣೆ ಎಂಬುದಿಲ್ಲ.

ಅಗ್ನಿಶಾಮಕ ಠಾಣೆಗಳು ಹೆಚ್ಚಾಗಿ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗಲೋ ದೋಣಿಗಲ್ ದಾಟಿ ಶಿರಾಡಿಗೆ ಇಳಿಯುವಾಗಲೋ ಬೆಂಕಿ ಕಂಡರೆ ಅಗ್ನಿಶಾಮಕ ವಾಹನ ಮಂಜು, ತಿರುವು, ಲಾರಿಗಳ ಸಾಲು ಎಲ್ಲವನ್ನೂ ದಾಟಿ ಬರಬೇಕು. ಪ್ಲೈವುಡ್ ಮತ್ತು ಫೋಮ್ ತುಂಬಿದ ವಾಹನ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಮೊದಲ ಒಂದೆರಡು ನಿಮಿಷ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಆಗ ಜನರನ್ನು ಇಳಿಸುವುದು ಮೊದಲು, ಕರೆಂಟು ಕಡಿಯುವುದು ಆಮೇಲೆ, ಬೆಂಕಿ ನಂದಿಸುವ ಯತ್ನ ಅದಾದ ನಂತರ. ಈ ಕ್ರಮ ಅದಲುಬದಲಾದರೆ ಪ್ರಾಣಕ್ಕೇ ಕುತ್ತು.

ವಾಸನೆ ಬಂದ ಕೂಡಲೇ

ವೈರಿಂಗ್ ಬೆಂಕಿ ಬಹುತೇಕ ಸಲ ಮುನ್ಸೂಚನೆ ಕೊಟ್ಟೇ ಬರುತ್ತದೆ. ಬಿಸಿಯಾದ ಪ್ಲಾಸ್ಟಿಕ್ಕಿನ ಕಮಟು, ಕೆಲವೊಮ್ಮೆ ಮೀನು ಸೀದಂಥ ವಾಸನೆ, ದೀಪ ಮಿಣುಕುವುದು, ನೀರಿನ ಪಂಪು ಒಮ್ಮೆ ಜೋರಾಗಿ ಒಮ್ಮೆ ಸೋತಂತೆ ಓಡುವುದು, ಒಂದೇ ಫ್ಯೂಸು ಮತ್ತೆ ಮತ್ತೆ ಹೋಗುವುದು, ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಚಾರ್ಜ್ ಕಡಿಮೆಯೆಂದು ಕೂಗುವುದು. ಕೊನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಜೋಡಣೆ ಸಡಿಲವಾಗಿದ್ದರೆ ವೋಲ್ಟೇಜು ಅಲ್ಲೇ ಬಿದ್ದುಹೋಗುತ್ತದೆ. ಹಾಗೆ ಬಿದ್ದದ್ದು ಅದೇ ಜಾಗದಲ್ಲಿ ಶಾಖವಾಗಿ ಕೂಡುತ್ತಿರುತ್ತದೆ.

ಘಟ್ಟದಲ್ಲಿ ಸುಟ್ಟ ವಾಸನೆ ಬಂದರೆ ‘ಬ್ರೇಕ್ ಬಿಸಿಯಾಗಿದೆ, ಪರವಾಗಿಲ್ಲ’ ಎಂದು ಮುಂದೆ ಹೋಗುವುದು ರೂಢಿ. ಹಾಗೆ ಮಾಡಬೇಡಿ. ಬ್ರೇಕಿನ ವಾಸನೆ ಚಕ್ರದ ಬಳಿ ಜೋರಾಗಿರುತ್ತದೆ, ವಾಹನದ ಒಳಗೆ ಹಿಂಭಾಗದಲ್ಲಿ ಅಲ್ಲ. ಯಾವುದರ ವಾಸನೆ ಎಂದು ಓಡಿಸುತ್ತಲೇ ತೀರ್ಮಾನಿಸಲು ಹೋಗದೆ ನಿಲ್ಲಿಸಿ ನೋಡಿ. ಬ್ರೇಕೇ ಆಗಿದ್ದರೂ ಆ ನಿಲುಗಡೆ ವ್ಯರ್ಥವಲ್ಲ.

ನಿಲ್ಲಿಸುವ ಜಾಗದ ಬಗ್ಗೆ ಎಚ್ಚರವಿರಲಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಯ ಹುಲ್ಲುಗಾವಲುಗಳು ಜನವರಿಯಿಂದ ಮಳೆ ಬೀಳುವವರೆಗೆ ಕಡ್ಡಿಯಂತೆ ಒಣಗಿರುತ್ತವೆ. ಹೊಗೆಯಾಡುತ್ತಿರುವ ವ್ಯಾನನ್ನು ಆ ಹುಲ್ಲಿನ ಮೇಲೆ ಇಳಿಸಿದರೆ ನಿಮ್ಮ ವಾಹನದ ಜೊತೆಗೆ ಗುಡ್ಡವೂ ಉರಿಯುತ್ತದೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಎಲೆ ದಟ್ಟವಾಗಿ ಬಿದ್ದಿರುವ ಜಾಗವೂ ಅಂಥದ್ದೇ. ಡಾಂಬರಿನ ಅಂಚು, ಜಲ್ಲಿ ಹಾಸಿದ ಜಾಗ, ಬರಿ ಮಣ್ಣು ಒಳ್ಳೆಯದು. ಆದರೆ ಜ್ವಾಲೆ ಈಗಾಗಲೇ ಕಾಣುತ್ತಿದ್ದರೆ ಒಳ್ಳೆಯ ಜಾಗ ಹುಡುಕುತ್ತಾ ಮುಂದೆ ಹೋಗಬೇಡಿ. ಎಡಕ್ಕೆ ಒತ್ತರಿಸಿ ನಿಲ್ಲಿಸಿ, ಗೇರಿನಲ್ಲಿಟ್ಟು ಕೈಬ್ರೇಕ್ ಎಳೆದು ಎಂಜಿನ್ ಆರಿಸಿ.

ಇಳಿಯುವುದು

ಚಾಲಕ ಒಂದೇ ಮಾತು ಹೇಳಬೇಕು: ‘ಬೆಂಕಿ, ಎಲ್ಲರೂ ಇಳಿಯಿರಿ.’ ಎಲ್ಲಿ, ಏನು, ಹೇಗೆ ಎಂಬ ವಿವರಣೆ ಬೇಡ. ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಕೈಹಿಡಿದು ಇಳಿಸಿ. ಯಾರು ಯಾರನ್ನು ಇಳಿಸಬೇಕು ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಿರಲಿ. ಮೊಬೈಲು ಕೈಯಲ್ಲಿದ್ದರೆ ಸರಿ. ಬ್ಯಾಗು, ಲ್ಯಾಪ್‌ಟಾಪ್, ಒಡವೆ, ಕ್ಯಾಮೆರಾ ಯಾವುದಕ್ಕೂ ಒಳಗೆ ತಿರುಗಬೇಡಿ. ವೈರಿನ ಮೇಲಿನ ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಫೋಮ್ ಉರಿದಾಗ ಬರುವ ಹೊಗೆ ಇನ್ನೂ ವಿಷ. ಅಷ್ಟು ಚಿಕ್ಕ ಜಾಗದಲ್ಲಿ ಕೆಲವೇ ಉಸಿರಿಗೆ ಮನುಷ್ಯ ಕುಸಿಯಬಹುದು. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಮಸಿ ಸ್ವಲ್ಪ ತಡೆಯುತ್ತದೆಯೇ ಹೊರತು ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಒದ್ದೆ ಬಟ್ಟೆ ಇದೆ ಎಂಬ ಧೈರ್ಯದಲ್ಲಿ ಒಳಗೆ ಹೋಗುವುದು ತಪ್ಪು.

ಜಾರುಬಾಗಿಲು ತೆರೆಯದಿದ್ದರೆ ಹಿಂಬಾಗಿಲು, ಅದೂ ಆಗದಿದ್ದರೆ ಕಿಟಕಿ. ವೈರಿಂಗ್ ಸುಟ್ಟಾಗ ಪವರ್ ವಿಂಡೋ ಕೈಕೊಡಬಹುದು. ಮುಂದಿನ ಗಾಜು ಎರಡು ಪದರದ್ದು, ಒಡೆದರೂ ಬೀಳುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಗಾಜು ಒಡೆಯುವ ಸುತ್ತಿಗೆಯಿಂದ ಹೊಡೆಯಿರಿ. ಆ ಸುತ್ತಿಗೆ ಹಾಸಿಗೆಯ ತಲೆದಿಸೆಯಲ್ಲಿ ಕೈಗೆಟಕುವಂತೆ ಇರಬೇಕು. ಡ್ಯಾಶ್‌ಬೋರ್ಡ್ ಡ್ರಾಯರಿನೊಳಗೆ ಇಟ್ಟರೆ ರಾತ್ರಿ ಹೊಗೆಯಲ್ಲಿ ಅದು ಯಾರಿಗೂ ಸಿಗುವುದಿಲ್ಲ.

ಘಟ್ಟದಲ್ಲಿ ಎಡಬಾಗಿಲಿನ ಆಚೆ ಕೆಲವೊಮ್ಮೆ ಒಂದೇ ಹೆಜ್ಜೆಗೆ ಪ್ರಪಾತವಿರುತ್ತದೆ. ಮಂಜಿನಲ್ಲಿ ಅದು ಕಾಣುವುದೂ ಇಲ್ಲ. ನಿಲ್ಲಿಸುವಾಗಲೇ ಬಾಗಿಲಿನ ಪಕ್ಕದಲ್ಲಿ ಕಾಲಿಡಲು ಜಾಗವಿರುವಂತೆ ನೋಡಿಕೊಳ್ಳಿ. ಇಳಿದವರು ವಾಹನಕ್ಕಿಂತ ಮೇಲಿನ ದಿಕ್ಕಿಗೆ, ಗಾಳಿ ಬೀಸಿಬರುವ ಕಡೆಗೆ ಹೋಗಬೇಕು. ಸೋರಿದ ಡೀಸೆಲ್, ಪೆಟ್ರೋಲ್ ರಸ್ತೆಯ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬೆಂಕಿಯೂ ಅದರ ಜೊತೆ ಹೋಗುತ್ತದೆ. ಬ್ರೇಕಿನ ಭಾಗಗಳು ಸುಟ್ಟರೆ ವಾಹನವೇ ಕೆಳಗೆ ಉರುಳಬಹುದು. ಕೈಗೆ ಸಿಕ್ಕ ಕಲ್ಲೊಂದನ್ನು ಚಕ್ರಕ್ಕೆ ಕೊಡಲು ಸಾಧ್ಯವಾದರೆ ಕೊಡಿ, ಬೆಂಕಿ ಆ ಚಕ್ರದ ಬಳಿ ಇದ್ದರೆ ಬೇಡ. ಕನಿಷ್ಠ 30 ಮೀಟರ್ ದೂರ ನಿಂತು ತಲೆ ಎಣಿಸಿ. ಒಬ್ಬರು ತಿರುವಿನ ಆಚೆ ಹೋಗಿ ಬರುವ ವಾಹನಗಳಿಗೆ ಟಾರ್ಚಿನಲ್ಲೋ ಬಿಳಿ ಬಟ್ಟೆಯಲ್ಲೋ ಸೂಚನೆ ಕೊಡಲಿ.

ನಾಲ್ಕು ಕಡೆಯ ಕರೆಂಟು

ವ್ಯಾನಿನಲ್ಲಿ ಬೆಂಕಿ ನಂದಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳುವುದಕ್ಕೆ ಒಂದೇ ಮುಖ್ಯ ಕಾರಣ: ಕರೆಂಟು ಇನ್ನೂ ಹರಿಯುತ್ತಿರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟಿ ಮೇಲೇಳುತ್ತದೆ, ಹಾಗಾಗಿ ಅದರ ಕಿಡಿ ತುಂಡಾಗುವುದು ಸುಲಭ. ಬ್ಯಾಟರಿಯ ಡಿಸಿ ಕರೆಂಟು ಸೊನ್ನೆಗೆ ಬರುವುದೇ ಇಲ್ಲ. ಕಡಿಯುವವರೆಗೂ ಬೆಸುಗೆ ಕಿಡಿಯ ಹಾಗೆ ಅದು ಹಿಡಿದುಕೊಂಡೇ ಇರುತ್ತದೆ.

ಕಡಿಯಬೇಕಾದ ಕರೆಂಟು ನಾಲ್ಕು ಕಡೆಯಿಂದ ಬರುತ್ತದೆ. ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರಿನಿಂದ: ಎಂಜಿನ್ ಆರಿಸಿದರೆ ಮುಗಿಯಿತು, ಇಂಧನದ ಪಂಪೂ ನಿಲ್ಲುತ್ತದೆ. ವ್ಯಾನಿನ ಒಳಬ್ಯಾಟರಿಯಿಂದ: ಅದಕ್ಕೆ ಕೆಂಪು ಹಿಡಿಯ ಐಸೊಲೇಟರ್ ಸ್ವಿಚ್ ಇರಬೇಕು, ಅದು ಬಾಗಿಲಿನ ಪಕ್ಕದಲ್ಲಿ, ನೆಲದ ಮೇಲೆ ನಿಂತುಕೊಂಡೇ ಕೈಹಾಕಿ ತಿರುಗಿಸುವಂತಿರಬೇಕು. ಮಂಚದ ಹಲಗೆ ಎತ್ತಿ, ಹಾಸಿಗೆ ಸರಿಸಿ ತಿರುಗಿಸಬೇಕಾದ ಸ್ವಿಚ್ ಬೆಂಕಿಯ ಹೊತ್ತಿನಲ್ಲಿ ಇಲ್ಲದ ಸ್ವಿಚ್ಚಿಗೆ ಸಮ. ಮೂರನೆಯದು ಚಾವಣಿಯ ಸೋಲಾರ್ ಫಲಕ. ಬೆಳಕಿರುವವರೆಗೂ ಅದು ವೋಲ್ಟೇಜ್ ಕೊಡುತ್ತಲೇ ಇರುತ್ತದೆ, ಬ್ಯಾಟರಿ ಸ್ವಿಚ್ ತಿರುಗಿಸಿದರೆ ಅದಕ್ಕೆ ಏನೂ ಆಗುವುದಿಲ್ಲ. ಫಲಕಕ್ಕೂ ಪ್ರತ್ಯೇಕ ಡಿಸಿ ಸ್ವಿಚ್ ಇರಲಿ, ಅದೂ ಅದೇ ಬಾಗಿಲಿನ ಬಳಿ. ನಾಲ್ಕನೆಯದು ಹೋಂಸ್ಟೇ ಗೋಡೆಯಿಂದ ಎಳೆದುಕೊಂಡ 230 ವೋಲ್ಟಿನ ವೈರು. ಅದನ್ನು ವ್ಯಾನಿನ ಕಡೆಯಲ್ಲಲ್ಲ, ಗೋಡೆಯ ಕಡೆಯಲ್ಲಿ ಆರಿಸಬೇಕು.

ವಾಸನೆ ಮಾತ್ರ ಇದ್ದು ಹೊಗೆ, ಬೆಂಕಿ ಕಾಣದಿದ್ದರೆ ಈ ನಾಲ್ಕನ್ನೂ ಆರಿಸಿ, ಬಾಗಿಲುಗಳನ್ನು ತೆರೆದಿಟ್ಟು ಹೊರಗಿನಿಂದ ಗಮನಿಸಿ. ಬ್ಯಾಟರಿಯ ವೈರು ಬಿಚ್ಚಲೇಬೇಕಾದರೆ ಮೊದಲು ನೆಗೆಟಿವ್ ಬಿಚ್ಚಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ವಾಹನದ ಬಾಡಿಗೆ ತಾಗಿದರೆ ಅದೇ ಇನ್ನೊಂದು ಶಾರ್ಟ್ ಸರ್ಕಿಟ್. ಉಂಗುರ, ಲೋಹದ ಕೈಗಡಿಯಾರ ತೆಗೆದಿಡಿ. ಗ್ಯಾಸಿನ ವಾಸನೆಯೂ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿರುತ್ತದೆ, ಸ್ವಿಚ್ಚಿನ ಕಿಡಿ ಅದಕ್ಕೆ ಸಾಕು. ಆಗ ಜನ ಇಳಿದು ದೂರ ಹೋಗುವುದೊಂದೇ ಕೆಲಸ.

112ಕ್ಕೆ ಕರೆ

ಬೆಂಕಿ ಸಣ್ಣದಿದ್ದರೂ ಮೊದಲು ಕರೆ ಮಾಡಿ, ಆಮೇಲೆ ನಂದಿಸಲು ಹೋಗಿ. ನಂದಿಹೋದರೆ ಮತ್ತೆ ಕರೆ ಮಾಡಿ ಹೇಳಬಹುದು. ಅಗ್ನಿಶಾಮಕ, ಪೊಲೀಸ್, ವೈದ್ಯಕೀಯ ನೆರವು ಎಲ್ಲಕ್ಕೂ 112. ಆಂಬುಲೆನ್ಸಿಗೆ 108 ಕೂಡ ಇದೆ.

ಘಟ್ಟದಲ್ಲಿ ‘ಇಲ್ಲೇ ಚಾರ್ಮಾಡಿಯಲ್ಲಿ’ ಎಂದರೆ ಯಾರಿಗೂ ಜಾಗ ತಿಳಿಯುವುದಿಲ್ಲ. ಹೀಗೆ ಹೇಳಿ: ‘ಸರ್, ರಾಷ್ಟ್ರೀಯ ಹೆದ್ದಾರಿ 73, ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಇಳಿಯುವ ದಾರಿ, ಮಲಯಮಾರುತ ದಾಟಿ ಕೆಳಗೆ. ಕ್ಯಾಂಪರ್ ವ್ಯಾನಿಗೆ ಬೆಂಕಿ ಹತ್ತಿದೆ. ಎಲ್ಲರೂ ಇಳಿದಿದ್ದೇವೆ. ಒಳಗೆ ಗ್ಯಾಸ್ ಸಿಲಿಂಡರ್ ಇದೆ, ಲಿಥಿಯಂ ಬ್ಯಾಟರಿ ಇದೆ.’ ಕಿಲೋಮೀಟರ್ ಕಲ್ಲಿನ ಸಂಖ್ಯೆ ಕಂಡಿದ್ದರೆ ಅದನ್ನೂ ಹೇಳಿ. ಗ್ಯಾಸು ಮತ್ತು ಲಿಥಿಯಂ ವಿಷಯ ಹೇಳುವುದನ್ನು ಮರೆಯಬೇಡಿ, ಬರುವ ಸಿಬ್ಬಂದಿಯ ಜೀವದ ಪ್ರಶ್ನೆ ಅದು.

ನೆಟ್‌ವರ್ಕ್ ಇಲ್ಲದ ತಿರುವುಗಳು ಚಾರ್ಮಾಡಿ, ಶಿರಾಡಿ ಎರಡೂ ಘಟ್ಟಗಳಲ್ಲಿವೆ. ನಿಮ್ಮ ಸಿಮ್ಮಿನ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೆ ತುರ್ತು ಕರೆ ಹೋಗಬಹುದು. ಅದೂ ಆಗದಿದ್ದರೆ ಎದುರಿಗೆ ಬರುವ ಬಸ್ಸನ್ನು ನಿಲ್ಲಿಸಿ ಚಾಲಕರಿಗೆ ಹೇಳಿ ಕಳುಹಿಸಿ. ಬಸ್ಸುಗಳಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರುವುದುಂಟು, ಕೇಳಿ ನೋಡಿ.

ನಂದಿಸಬೇಕೇ, ಬಿಡಬೇಕೇ

ನನ್ನ ಲೆಕ್ಕ ಇಷ್ಟೇ: ಬೆಂಕಿ ಒಂದು ಬಕೆಟ್ಟಿನಷ್ಟು ಜಾಗದಲ್ಲಿದ್ದು, ನೀವು ವ್ಯಾನಿನ ಹೊರಗೆ ನಿಂತೇ ಅದನ್ನು ತಲುಪಬಹುದಾದರೆ, ಬೆನ್ನ ಹಿಂದೆ ಓಡಲು ದಾರಿ ಇದ್ದರೆ ಪ್ರಯತ್ನಿಸಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬಿಡಿ. ಬೆಂಕಿ ಚಾವಣಿಯ ಒಳಹೊದಿಕೆಗೆ ತಾಗಿದ್ದರೆ, ಗ್ಯಾಸ್ ಸಿಲಿಂಡರಿನ ಬಳಿ ಬಂದಿದ್ದರೆ, ಬ್ಯಾಟರಿ ಪೆಟ್ಟಿಗೆಯಿಂದಲೇ ಬರುತ್ತಿದ್ದರೆ ಹತ್ತಿರ ಹೋಗುವ ಮಾತೇ ಬೇಡ.

ವ್ಯಾನಿಗೆ ಬೇಕಾದದ್ದು ಮರ-ಬಟ್ಟೆ, ಎಣ್ಣೆ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವ ಎಬಿಸಿ ಪುಡಿಯ ಸಿಲಿಂಡರ್, ಐಎಸ್ 15683 ಗುರುತು ಇರುವುದು. 2 ಕೆಜಿಯದೊಂದು ಜಾರುಬಾಗಿಲಿನ ಪಕ್ಕ, 1 ಕೆಜಿಯದೊಂದು ಚಾಲಕನ ಬಳಿ. ಪಿನ್ ಎಳೆದು, ನಳಿಕೆಯನ್ನು ಜ್ವಾಲೆಯ ತುದಿಗಲ್ಲ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಎಡದಿಂದ ಬಲಕ್ಕೆ ಆಡಿಸಿ. 2 ಕೆಜಿ ಸಿಲಿಂಡರ್ ಖಾಲಿಯಾಗಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ಆದ್ದರಿಂದ ದೂರದಿಂದಲೇ ಒತ್ತುತ್ತಾ ನಡೆದು ಬರಬೇಡಿ. ಪುಡಿ ವ್ಯಾನಿನೊಳಗೆ ಮೋಡದಂತೆ ತುಂಬಿ ಕಣ್ಣು ಕಾಣದಾಗುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ಹೊರಗೆ ನಿಂತು ಬಾಗಿಲಿನ ಮೂಲಕ ಹೊಡೆಯಬೇಕು ಎನ್ನುವುದು. ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಯಂತ್ರಗಳಿಗೆ ಸ್ವಚ್ಛ, ಆದರೆ ಮುಚ್ಚಿದ ವ್ಯಾನಿನೊಳಗೆ ನಿಂತು ಬಳಸಿದರೆ ಮನುಷ್ಯನಿಗೂ ಗಾಳಿ ಇರುವುದಿಲ್ಲ.

ಬಾನೆಟ್ಟಿನೊಳಗೆ ಬೆಂಕಿಯಾದರೆ ಬಾನೆಟ್ಟನ್ನು ಪೂರ್ತಿ ಎತ್ತಬೇಡಿ. ಎತ್ತಿದ ಕ್ಷಣ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ಕೊಕ್ಕೆ ಸಡಿಲಿಸಿ, ಸಂದಿಯಿಂದ ಪುಡಿ ಹೊಡೆಯಿರಿ.

ನೀರಿನ ಬಗ್ಗೆ ಗೊಂದಲವಿದೆ. ಇನ್ವರ್ಟರ್ ಓಡುತ್ತಿದ್ದಾಗ, ಹೊರಗಿನ ವೈರು ಸಿಕ್ಕಿಸಿದ್ದಾಗ ನೀರು ಹಾಕಿದರೆ 230 ವೋಲ್ಟಿನ ಆಘಾತ ಆಗಬಹುದು. ಎಲ್ಲ ಕರೆಂಟೂ ಕಡಿದಿದೆ ಎಂದು ಖಚಿತವಾದ ಮೇಲೆ ಕೆಂಡಗಟ್ಟಿದ ಪ್ಲೈವುಡ್, ಹಾಸಿಗೆಗೆ ನೀರೇ ಉತ್ತಮ ಮದ್ದು. ಪುಡಿ ಜ್ವಾಲೆಯನ್ನು ಕೊಲ್ಲುತ್ತದೆ, ಒಳಗಿನ ಕೆಂಡವನ್ನು ತಣಿಸುವುದಿಲ್ಲ.

ಲಿಥಿಯಂ ಬ್ಯಾಟರಿಯ ವಿಷಯವೇ ಬೇರೆ. ಈಗ ಕ್ಯಾಂಪರ್ ವ್ಯಾನುಗಳಲ್ಲಿ ಹೆಚ್ಚಾಗಿ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್. ಮೊಬೈಲು, ಲ್ಯಾಪ್‌ಟಾಪಿನ ಬ್ಯಾಟರಿಗಿಂತ ಅದು ಶಾಖಕ್ಕೆ ಹೆಚ್ಚು ತಡೆದುಕೊಳ್ಳುತ್ತದೆ, ಹಾಗೆಂದು ಅದು ಸುಡುವುದೇ ಇಲ್ಲ ಎಂದಲ್ಲ. ಪೆಟ್ಟಿಗೆ ಉಬ್ಬಿದರೆ, ಸುಯ್ಯೆಂಬ ಸದ್ದು ಬಂದರೆ, ಬಿಳಿ ಆವಿ ಕಂಡರೆ ಕೂಡಲೇ ದೂರ ಹೋಗಿ. ಆ ಆವಿ ಹೊತ್ತಿಕೊಳ್ಳಬಲ್ಲದು, ವಿಷವೂ ಹೌದು. ಪುಡಿಯಿಂದ ಮೇಲಿನ ಜ್ವಾಲೆ ಆರಬಹುದು, ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಬಹಳಷ್ಟು ನೀರು ಹಾಕಿ ಬಹಳ ಹೊತ್ತು ತಣಿಸುವುದು ಅಗ್ನಿಶಾಮಕ ಸಿಬ್ಬಂದಿಯ ಕೆಲಸ.

ಹೋಂಸ್ಟೇ ಅಂಗಳದಲ್ಲಿ

ಬೇಲೂರು, ಹಳೇಬೀಡು, ಆಲ್ದೂರು, ಕಳಸದ ಕಡೆ ಹೋಂಸ್ಟೇ ಅಂಗಳದಲ್ಲಿ ವ್ಯಾನು ನಿಲ್ಲಿಸಿ ಅವರ ಮನೆಯಿಂದ ಕರೆಂಟು ಪಡೆಯುವವರು ಹೆಚ್ಚು. ಸಂಜೆ ಬಂದವರು ಜಗುಲಿಯ 6 ಆಂಪಿಯರ್ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಸಿಕ್ಕಿಸಿ, ಬ್ಯಾಟರಿ ಚಾರ್ಜರ್, ಇಂಡಕ್ಷನ್ ಒಲೆ, ಕೆಟಲ್ ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಮನೆಯವರನ್ನು ಕೇಳಿ 16 ಆಂಪಿಯರಿನ ಪವರ್ ಪ್ಲಗ್ಗನ್ನೇ ಬಳಸಿ. ವೈರು 2.5 ಚದರ ಮಿಲಿಮೀಟರಿನ ಮೂರು ಕೋರಿನದಾಗಿರಲಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ನನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಶಾಖ ಹೊರಹೋಗದೆ ಒಳಪದರಗಳು ಕರಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳದಲ್ಲಿ ನೀರು ಹರಿಯುತ್ತಿರುತ್ತದೆ, ಜೋಡಣೆ ನೆಲದಿಂದ ಮೇಲೆ ಇರಬೇಕು. ವ್ಯಾನಿನೊಳಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಸಾಕೆಟ್ ಟೆಸ್ಟರಿನಲ್ಲಿ ನೋಡಿ.

ಬೆಂಕಿ ಕಂಡರೆ ಮನೆಯವರನ್ನು ಕೂಗಿ: ‘ಅಣ್ಣಾ, ಮೇನ್ ಸ್ವಿಚ್ ಆರಿಸಿ!’ ಅವರ ಮೇನ್ ಸ್ವಿಚ್ ಎಲ್ಲಿದೆ ಎಂದು ಬಂದ ದಿನವೇ ಕೇಳಿಟ್ಟುಕೊಳ್ಳುವುದು ಸಂಕೋಚದ ವಿಷಯವಲ್ಲ.

ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ವ್ಯಾನಿನ ಮೇಲೆ ಬಂದರೆ ಮೇಲೆ ಹೇಳಿದ ಕ್ರಮ ತಿರುವುಮುರುವು. ಆಗ ಒಳಗೇ ಕೂತು, ಯಾರನ್ನೂ ಹತ್ತಿರ ಬರಬೇಡಿ ಎಂದು ಕೂಗಿ, ವಿದ್ಯುತ್ ಕಂಪನಿಯ 1912ಕ್ಕೆ ಮತ್ತು 112ಕ್ಕೆ ಕರೆ ಮಾಡಿ. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನಕ್ಕೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ವ್ಯಾನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹಾರಿ, ಪಾದ ಜೋಡಿಸಿಕೊಂಡೇ ಪುಟ್ಟಪುಟ್ಟದಾಗಿ ಜರುಗುತ್ತಾ ದೂರ ಹೋಗಿ.

ಮೈಗೆ ಬೆಂಕಿ ತಾಗಿದರೆ

ಬಟ್ಟೆ ಹೊತ್ತಿಕೊಂಡವರು ಓಡಬಾರದು. ನೆಲಕ್ಕೆ ಮಲಗಿಸಿ, ಮುಖ ಮುಚ್ಚಿಕೊಳ್ಳಲು ಹೇಳಿ, ಉರುಳಿಸಿ, ದಪ್ಪ ಬಟ್ಟೆ ಹೊದಿಸಿ ಒತ್ತಿ. ನಮ್ಮ ಕಡೆಯ ಉಣ್ಣೆಯ ಕರಿ ಕಂಬಳಿ ಇದಕ್ಕೆ ಬಹಳ ಒಳ್ಳೆಯದು. ಉಣ್ಣೆ ಬೇಗ ಹೊತ್ತುವುದಿಲ್ಲ, ಕರಗಿ ಮೈಗೆ ಅಂಟುವುದೂ ಇಲ್ಲ. ಸಿಂಥೆಟಿಕ್ ಹೊದಿಕೆ ಎರಡನ್ನೂ ಮಾಡುತ್ತದೆ. ವ್ಯಾನಿನ ಬಾಗಿಲ ಬಳಿ ಒಂದು ಕಂಬಳಿ ಮಡಚಿಟ್ಟಿರಿ.

ಸುಟ್ಟ ಜಾಗಕ್ಕೆ ತಣ್ಣನೆಯ ನೀರನ್ನು 20 ನಿಮಿಷ ಹರಿಸಿ, ಮಂಜುಗಡ್ಡೆ ಬೇಡ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಕಾಫಿ ಪುಡಿ, ಟೂತ್‌ಪೇಸ್ಟ್, ತುಪ್ಪ, ಶಾಯಿ ಯಾವುದನ್ನೂ ಹಚ್ಚಬೇಡಿ, ಎಷ್ಟೇ ಪ್ರೀತಿಯಿಂದ ಯಾರೇ ತಂದುಕೊಟ್ಟರೂ. ತೊಳೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯ ಕಾಣದಿದ್ದರೂ ದನಿ ಒಡೆದಿದ್ದರೆ, ಮೂಗಿನಲ್ಲಿ ಮಸಿ ಇದ್ದರೆ, ತಲೆ ಸುತ್ತುತ್ತಿದ್ದರೆ ಹೊಗೆ ಒಳಗೆ ಹೋಗಿದೆ ಎಂದರ್ಥ. ಅವರನ್ನೇ ಮೊದಲು ಕಳುಹಿಸಿ.

ಬೆಂಕಿ ಹುಟ್ಟುವ ಜಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಂಕಿ ಬಂದ ಮೇಲಿನದು. ಅದು ಬರದಂತೆ ಮಾಡುವ ಕೆಲಸ ವೈರಿಂಗ್ ಮಾಡಿಸುವಾಗಲೇ ಇದೆ. 12 ವೋಲ್ಟ್ ಮುಟ್ಟಿದರೆ ಜುಮ್ಮೆನ್ನುವುದಿಲ್ಲ, ಹಾಗಾಗಿ ಅದು ಸಾಧು ಕರೆಂಟು ಎಂಬ ಭಾವನೆ ಬಲವಾಗಿದೆ. ಆಘಾತದ ಮಟ್ಟಿಗೆ ಸರಿ, ಬೆಂಕಿಯ ಮಟ್ಟಿಗೆ ಪೂರ್ತಿ ತಪ್ಪು.

ಲೆಕ್ಕ ನೋಡಿ. 1500 ವ್ಯಾಟಿನ ಕೆಟಲ್ ಮನೆಯಲ್ಲಿ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 6.5 ಆಂಪಿಯರ್. ಅದನ್ನೇ ಇನ್ವರ್ಟರಿನಲ್ಲಿ ಓಡಿಸಿದರೆ ಬ್ಯಾಟರಿಯಿಂದ 12 ವೋಲ್ಟಿನಲ್ಲಿ 125 ಆಂಪಿಯರ್ ಬೇಕು, ಇನ್ವರ್ಟರಿನ ನಷ್ಟವೂ ಸೇರಿ 140ರ ಹತ್ತಿರ. ಈಗ ಬ್ಯಾಟರಿ ಟರ್ಮಿನಲ್ಲಿನ ನಟ್ಟು ಕೊಂಚ ಸಡಿಲ, ಅಲ್ಲಿ 5 ಮಿಲಿ ಓಮಿನಷ್ಟು ರೋಧವಿದೆ ಎಂದುಕೊಳ್ಳಿ. ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 6.5 ಆಂಪಿಯರಿಗೆ ಆ ಜೋಡಣೆಯಲ್ಲಿ ಹುಟ್ಟುವುದು 0.2 ವ್ಯಾಟ್, ಕೈಗೆ ತಿಳಿಯುವುದೂ ಇಲ್ಲ. 140 ಆಂಪಿಯರಿಗೆ 98 ವ್ಯಾಟ್. ಬೆರಳ ತುದಿಯಷ್ಟು ಲೋಹದಲ್ಲಿ 98 ವ್ಯಾಟ್ ಶಾಖ, ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ.

ಇದರಲ್ಲಿ ಭಯಪಡಬೇಕಾದ ಅಂಶ ಇನ್ನೊಂದಿದೆ. ಹೀಗಾದಾಗ ಫ್ಯೂಸು ಹೋಗುವುದಿಲ್ಲ. ಹರಿಯುತ್ತಿರುವುದು ಮಾಮೂಲಿ ಕರೆಂಟೇ, ಫ್ಯೂಸಿನ ದೃಷ್ಟಿಯಲ್ಲಿ ಎಲ್ಲವೂ ಸರಿ. ಒಳ್ಳೆಯ ಫ್ಯೂಸು ಹಾಕಿಸಿದ್ದೇನೆ ಎಂದು ನಿಶ್ಚಿಂತೆಯಾಗಿರುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಡಿಲ ಜೋಡಣೆಯನ್ನು ಹಿಡಿಯಲು ಮನುಷ್ಯನೇ ಬೇಕು. ದೊಡ್ಡ ಉಪಕರಣವೊಂದನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಬ್ಯಾಟರಿ, ಫ್ಯೂಸ್, ಸ್ವಿಚ್, ಇನ್ವರ್ಟರ್ ಟರ್ಮಿನಲ್‌ಗಳ ಪ್ಲಾಸ್ಟಿಕ್ ಮುಚ್ಚಳದ ಬಳಿ ಕೈಯಾಡಿಸಿ. ಒಂದು ಕಡೆ ಮಾತ್ರ ಬಿಸಿಯಿದ್ದರೆ ರೋಗ ಅಲ್ಲಿದೆ. ಬಿಸಿ ಅಳೆಯುವ ಇನ್‌ಫ್ರಾರೆಡ್ ಉಪಕರಣವಿದ್ದರೆ ಇನ್ನೂ ಒಳ್ಳೆಯದು.

ಮಲೆನಾಡಿನ ಹವೆ ಈ ರೋಗವನ್ನು ಬೆಳೆಸುತ್ತದೆ. ಮಳೆಗಾಲದ ಥಂಡಿಯಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದ ಜೋಡಣೆಯ ರೋಧ ಏರುತ್ತದೆ. ತೋಟದ ರಸ್ತೆಗಳ ಕುಲುಕಾಟಕ್ಕೆ ನಟ್ಟು ಸಡಿಲುತ್ತದೆ, ತಗಡಿನ ತೂತಿನ ಮೂಲಕ ಹಾದುಹೋದ ವೈರಿನ ಹೊದಿಕೆ ಸವೆಯುತ್ತದೆ. ಒಂದೆರಡು ವಾರ ತೋಟದಲ್ಲಿ ನಿಂತ ವ್ಯಾನಿನೊಳಗೆ ಇಲಿ ಸೇರಿ ವೈರು ಕಡಿಯುತ್ತದೆ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಒಮ್ಮೆ, ದೀರ್ಘ ಪ್ರಯಾಣಕ್ಕೆ ಮುಂಚೆ ಒಮ್ಮೆ ಎಲ್ಲ ನಟ್ಟುಗಳನ್ನೂ ಬಿಗಿ ಮಾಡಿಸಿ. ಕಿಲುಬನ್ನು ಉಜ್ಜಿ ತೆಗೆದು ಟರ್ಮಿನಲ್ ಗ್ರೀಸ್ ಹಚ್ಚಿಸಿ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್ (ಅಂಚು ಮುಚ್ಚುವ ಬಳೆ) ಹಾಕಿಸಿ.

ಫ್ಯೂಸಿನ ವಿಷಯದಲ್ಲಿ ಮೂರು ಮಾತು. ಫ್ಯೂಸು ಕಾಯುವುದು ಉಪಕರಣವನ್ನಲ್ಲ, ವೈರನ್ನು. ಆದ್ದರಿಂದ ವೈರಿನ ದಪ್ಪಕ್ಕೆ ತಕ್ಕ ಫ್ಯೂಸು ಇರಬೇಕು: 2.5 ಚದರ ಮಿಲಿಮೀಟರಿನ ವೈರಿಗೆ 15 ಆಂಪಿಯರ್, 6ಕ್ಕೆ 30 ಎಂಬುದು ಸುರಕ್ಷಿತ ಬದಿಯ ಲೆಕ್ಕ. ಮೇಲಿನ ಕೆಟಲ್ ಓಡಿಸುವ ಇನ್ವರ್ಟರಿಗೆ ಬ್ಯಾಟರಿಯಿಂದ 35 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ, ಆದಷ್ಟು ಗಿಡ್ಡ ತಾಮ್ರದ ಕೇಬಲ್ ಬೇಕು. ಎರಡನೆಯದು, ಮುಖ್ಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಬ್ಯಾಟರಿ ಮತ್ತು ಫ್ಯೂಸಿನ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ, ಅಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ತಡೆಯಿಲ್ಲದೆ ಹರಿಯುತ್ತದೆ. ಮೂರನೆಯದು, ಲಿಥಿಯಂ ಬ್ಯಾಟರಿಗೆ ಭಾರಿ ಕರೆಂಟನ್ನೂ ಪೂರ್ತಿ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸನ್ನೇ ಕೇಳಿ. ಅಗ್ಗದ ಫ್ಯೂಸಿನೊಳಗೆ ತಂತಿ ಕರಗಿದ ಮೇಲೂ ಕಿಡಿ ಹಾರುತ್ತಾ ಕರೆಂಟು ಮುಂದುವರಿಯಬಹುದು. ಮನೆಗೆ ಹಾಕುವ ಎಸಿ ಎಂಸಿಬಿಯನ್ನು (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚನ್ನು) ಬ್ಯಾಟರಿಯ ಸಾಲಿಗೆ ಹಾಕಿಸಬೇಡಿ, ಡಿಸಿ ಕಿಡಿಯನ್ನು ಕತ್ತರಿಸುವಂತೆ ಅದನ್ನು ಮಾಡಿಲ್ಲ. ಫ್ಯೂಸು ಹೋದಾಗ ತಂತಿ ಸುತ್ತಿ ಅಥವಾ ಹೆಚ್ಚಿನ ಆಂಪಿಯರಿನದು ಹಾಕಿ ಊರು ಸೇರೋಣ ಎನ್ನುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ. ಆ ಉಪಕರಣವಿಲ್ಲದೆ ಒಂದು ರಾತ್ರಿ ಕಳೆಯಬಹುದು.

ಕೇಬಲ್ಲಿನ ತುದಿಗಳಿಗೆ ಲಗ್ (ನಟ್ಟಿಗೆ ಸಿಕ್ಕಿಸುವ ಲೋಹದ ಕಿವಿ) ಹಾಕುವಾಗ ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಒಪ್ಪಬೇಡಿ, ಅದನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣ ಇರುವ ಅಂಗಡಿಗೇ ಹೋಗಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರು ಅಗ್ಗ, ವ್ಯಾನಿಗೆ ಬೇಡ. ಮಲಗುವ ಜಾಗದ ಮೇಲೆ ಹೊಗೆ ಎಚ್ಚರಿಕೆಯ ಗಂಟೆ ಹಾಕಿಸಿ. ಮೂಗು ನಿದ್ದೆಯಲ್ಲಿ ನಂಬಿಕೆಗೆ ಅರ್ಹವಲ್ಲ.

ಬೆಂಕಿ ಆರಿದ ಮೇಲೆ

ಆರಿತೆಂದು ಒಳಗೆ ಹೋಗಿ ಸ್ವಿಚ್ ಹಾಕಿ ನೋಡಬೇಡಿ. ವೈರುಗಳ ಕಟ್ಟಿನೊಳಗೆ ಹೊದಿಕೆ ಕರಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಜಿನ್ ಚಾಲೂ ಆದರೂ ಓಡಿಸಿಕೊಂಡು ಹೋಗದೆ ಟೋ ಮಾಡಿಸಿ. ಲಿಥಿಯಂ ಬ್ಯಾಟರಿಗೆ ಶಾಖ ತಾಗಿದ್ದರೆ ಅದು ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಹೊತ್ತಬಹುದು. ಅಂಥ ವ್ಯಾನನ್ನು ಗ್ಯಾರೇಜಿನ ಒಳಗೆ, ಮನೆಯ ಗೋಡೆಗೆ ತಾಗಿ, ಕಾಫಿ ಒಣಗಿಸಿ ದಾಸ್ತಾನಿಟ್ಟ ಶೆಡ್ಡಿನ ಬಳಿ ನಿಲ್ಲಿಸಬೇಡಿ. ಸುತ್ತ ಬಯಲಿರಲಿ.

ವಿಮೆಗೆ ಕೂಡಲೇ ತಿಳಿಸಿ, ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಕೊಡಿ, ಅಗ್ನಿಶಾಮಕ ಇಲಾಖೆಯಿಂದ ವರದಿ ಕೇಳಿ ಪಡೆಯಿರಿ. ನೋಂದಣಿ ಪತ್ರದಲ್ಲಿ ಇಲ್ಲದ ಮಾರ್ಪಾಡು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಆರ್‌ಟಿಒ ಒಪ್ಪಿಗೆ ಇಲ್ಲದೆ, ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡಿದ್ದರೆ ಪರಿಹಾರಕ್ಕೆ ತೊಡಕಾಗಬಹುದು. ಆ ಕಾಗದಗಳನ್ನು ವ್ಯಾನು ಸಿದ್ಧಪಡಿಸುವಾಗಲೇ ಮಾಡಿಸಿ, ಪ್ರತಿಯನ್ನು ಮೊಬೈಲಿನಲ್ಲೂ ಮನೆಯಲ್ಲೂ ಇಡಿ.

ವ್ಯಾನು ತಣ್ಣಗಾದ ಮೇಲೆ, ಏನನ್ನೂ ಅಲ್ಲಾಡಿಸುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಸುಟ್ಟ ವೈರಿನ ತುಂಡು, ಕರಗಿದ ಫ್ಯೂಸ್ ಪೆಟ್ಟಿಗೆ, ಕಪ್ಪಾದ ಲಗ್ಗುಗಳನ್ನು ಗುಡಿಸಿ ಎಸೆಯಬೇಡಿ. ತಾಮ್ರದ ತುದಿ ಕರಗಿ ಮಣಿಯಾಗಿದ್ದರೆ ಅಲ್ಲಿ ಕರೆಂಟಿನ ಕಿಡಿ ಹಾರಿದೆ ಎಂದು ಊಹಿಸಬಹುದು. ಲಗ್ಗಿನ ಬುಡ ಮಾತ್ರ ಕಪ್ಪಾಗಿ ಉಳಿದ ವೈರು ಚೆನ್ನಾಗಿದ್ದರೆ ಸಡಿಲ ಜೋಡಣೆಯ ಮೇಲೆ ಅನುಮಾನ. ಪ್ರತಿಯೊಂದನ್ನೂ ಎಲ್ಲಿ ಸಿಕ್ಕಿತೆಂದು ಬರೆದ ಚೀಟಿಯೊಂದಿಗೆ ಬೇರೆ ಬೇರೆ ಕವರಿನಲ್ಲಿ ಹಾಕಿಟ್ಟು ಮೊದಲು ವಿಮೆಯ ಸರ್ವೇಯರಿಗೆ, ಅವರು ನೋಡಿದ ಮೇಲೆ ಹೊಸ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ.